ಏಕಹಸ್ತ ಚೌಕಟ್ಟು

ನೀಲಾಂಬಿಕೆ ಎಡ ಅಂಗೈಯಿಂದ ನೀಲಿ ಹಿಡಿಕೆಯನ್ನು ಮೆಲ್ಲಗೆ ಒತ್ತಿದಳು. ಎದೆಮಟ್ಟದಲ್ಲಿದ್ದ ಸರ್ವರ್, ಕಪಾಟಿನ ಖಾನೆಯಂತೆ ಸದ್ದಿಲ್ಲದೆ ಹೊರಗೆ ಜಾರಿ, ತಾನೇ ಬಿಗಿದುಕೊಂಡು ನಿಂತಿತು. ಮುಚ್ಚಳ ತೆರೆಯಿತು. ಕೆಟ್ಟ ಫ್ಯಾನಿನ ಪಕ್ಕದಲ್ಲಿ ಮಾತ್ರ ಕಿತ್ತಳೆ ದೀಪ ಉರಿಯುತ್ತಿತ್ತು. ಅದನ್ನು ಎತ್ತಿ ಹೊಸದನ್ನು ಕೂರಿಸಿದಳು. ಸ್ಕ್ರೂ ಬಿಚ್ಚುವ ಗೋಜಿಲ್ಲ. ಯಂತ್ರ ಕ್ಷಣವೂ ನಿಲ್ಲಲಿಲ್ಲ.

ಕಪ್ಪತಗುಡ್ಡದ ಗಾಳಿಯ ವಿದ್ಯುತ್ತಿನಿಂದ ನಡೆಯುವ ಆ ದತ್ತಾಂಶ ಕೇಂದ್ರದಲ್ಲಿ ಸುತ್ತಲಿನ ಊರುಗಳ ಆಸ್ಪತ್ರೆ, ಶಾಲೆಗಳ ದಾಖಲೆಗಳೆಲ್ಲ ಇದ್ದವು. ಹಿಂದೊಮ್ಮೆ ಹಳೆಯ ಮಾದರಿಯ ಭಾರದ ಸರ್ವರೊಂದು ಹಳಿ ತಪ್ಪಿ ಬಿದ್ದು ಅವಳ ಬಲಗೈ ನಜ್ಜುಗುಜ್ಜಾಗಿತ್ತು. ಮೊಣಕೈಯ ಕೆಳಗೆ ಏನೂ ಉಳಿಯಲಿಲ್ಲ. ರಿಪೇರಿಗೆ ಎರಡು ಕೈ ಬೇಕೆಂದು ವ್ಯವಸ್ಥಾಪಕ ವಾದಿರಾಜ ಇನಾಮದಾರರು ಅವಳನ್ನು ರಿಪೇರಿಯಿಂದ ತೆಗೆದು ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಲು ಹೊರಟರು.

"ನನಗ ಕೈ ಕಮ್ಮಿ ಆಗಿಲ್ರೀ ಸರ್, ನಿಮ್ಮ ಡಬ್ಬಿಗೆ ಬುದ್ಧಿ ಕಮ್ಮಿ ಐತಿ. ಬ್ಯಾರೆ ಮಾಡಿ ತೋರಸ್ತೀನಿ. ಆದ್ರ ಅದರ ನಕ್ಷೆ ಎಲ್ಲಾರಿಗೂ ಬಿಟ್ಟಿ ಸಿಗಬೇಕು."

ಆಗುವ ಮಾತಲ್ಲವೆಂದು ಇನಾಮದಾರರು ನಕ್ಕು ಒಪ್ಪಿದರು.

ಆದರೆ ಆಯಿತು. ಅವಳ ಏಕಹಸ್ತ ಚೌಕಟ್ಟಿನಲ್ಲಿ ಭಾರವನ್ನೆಲ್ಲ ಹಳಿಗಳೇ ಹೊರುತ್ತಿದ್ದವು. ಬಿಡಿಭಾಗಗಳನ್ನು ತಪ್ಪಾಗಿ ಕೂರಿಸಲು ಬರುತ್ತಲೇ ಇರಲಿಲ್ಲ. ಒಂದನ್ನು ಕಳಚಿದರೆ ಅದರ ಜೋಡಿಭಾಗವು ಆ ಕೆಲಸವನ್ನು ತಾನು ಹೊತ್ತುಕೊಳ್ಳುತ್ತಿತ್ತು.

ಒಂದೇ ಕೈ ಸಾಕಾದ ಮೇಲೆ ಮನುಷ್ಯರೇಕೆ ಎಂದು ಇನಾಮದಾರರಿಗೆ ಹೊಳೆಯಿತು. ಹಿಂದೆ ಸ್ಕ್ರೂ, ವೈರುಗಳ ಗೋಜಲಿನಲ್ಲಿ ಸೋಲುತ್ತಿದ್ದ ಅಗ್ಗದ ಯಂತ್ರಬಾಹು ಈಗ ಛಾವಣಿಗೆ ತೂಗಿಬಿದ್ದು ರಿಪೇರಿ ಮಾಡುತ್ತ ಓಡಾಡತೊಡಗಿತು. ಉಳಿದ ರಿಪೇರಿಯವರೆಲ್ಲ ಕೆಲಸ ಕಳೆದುಕೊಂಡರು.

ಅಪಘಾತದ ದಿನ ಅವಳನ್ನು ಎತ್ತಿಕೊಂಡು ಹೊರಗೆ ಓಡಿದ್ದ ದಾವಲಸಾಬ ನದಾಫ ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ ಅಂದ: "ನಿಮ್ಮ ಹಟ ನಮ್ಮ ಹೊಟ್ಟಿ ಮ್ಯಾಲ ಬಂತಲ್ರೀ ಅಕ್ಕಾರ."

ನೀಲಾಂಬಿಕೆ ನೇರವಾಗಿ ಇನಾಮದಾರರ ಕೋಣೆಗೆ ನುಗ್ಗಿದಳು.

"ನಿನ್ನ ನೌಕರಿ ಖಾಯಂ ಅದ. ನೀ ಯಾಕ ಸಿಟ್ಟಾಗ್ತಿ?" ಎಂದರು ಅವರು.

"ಒಂದ್ ಕೈ ನಿಮ್ಮಲ್ಲೇ ಬಿಟ್ಟೀನಿ. ಉಳಿದಿದ್ದನ್ನ ಬಿಡೂದಿಲ್ಲ." ಗುರುತಿನ ಬಿಲ್ಲೆ ಮೇಜಿನ ಮೇಲೆ ಬಿತ್ತು.

ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದ ದಾವಲಸಾಬನನ್ನು ಹಿಡಿದಳು. "ಮುಂಡರಗಿ ಆಸ್ಪತ್ರಿಗೆ ನಡೀರಿ. ಕೆಟ್ರ ಅಲ್ಲೆ ರಿಪೇರಿ ಮಾಡವ್ರಿಲ್ಲಂತ ಅವರ ದಾಖಲೆ ಇಲ್ಲಿ ಇಟ್ಟಾರ. ಈಗ ನಮ್ಮ ಚೌಕಟ್ಟು ಅಲ್ಲೆ ಹಾಕಿದ್ರ ಯಾರ್ ಬೇಕಾದ್ರೂ ಮಾಡಬಹುದಲ್ಲ? ನಕ್ಷೆ ಹೆಂಗೂ ಬಿಟ್ಟಿ ಐತಿ."

ದಾವಲಸಾಬ ಚೀಲ ಹೆಗಲಿಗೇರಿಸಿದ.

ಮುಂಡರಗಿಯಲ್ಲಿ ಮೊದಲ ಚೌಕಟ್ಟು ನಿಂತಿತು. ಲಕ್ಷ್ಮೇಶ್ವರ, ಶಿರಹಟ್ಟಿಗಳಿಂದಲೂ ಕರೆ ಬಂತು. ಕೆಲಸ ಕಳೆದುಕೊಂಡವರೆಲ್ಲ ಊರೂರಿಗೆ ಹೋಗಿ ಚೌಕಟ್ಟು ಕಟ್ಟಿಕೊಟ್ಟು, ಅಲ್ಲಿನವರಿಗೆ ಕಲಿಸಿದರು. ಊರುಗಳು ತಮ್ಮ ದಾಖಲೆಗಳನ್ನು ಮರಳಿ ಒಯ್ದಂತೆ ಅತ್ತ ಇನಾಮದಾರರ ಕೇಂದ್ರದಲ್ಲಿ ಸಾಲಿಗೆ ಸಾಲೇ ಬರಿದಾಯಿತು. ಯಂತ್ರಬಾಹು ಖಾಲಿ ಗೂಡುಗಳ ಮುಂದೆ ಸುಮ್ಮನೆ ತಿರುಗಾಡುತ್ತಿತ್ತು.

ಒಂದು ಮಧ್ಯಾಹ್ನ ಮುಂಡರಗಿಯ ಹೆರಿಗೆ ವಾರ್ಡಿನ ಮೂಲೆಯ ಚೌಕಟ್ಟಿನಲ್ಲಿ ಕಿತ್ತಳೆ ದೀಪ ಹೊತ್ತಿತು. ದಾವಲಸಾಬ ಏಳುವಷ್ಟರಲ್ಲಿ ನರ್ಸ್ ಎಸ್ತರ್, "ಕೂಡ್ರಿ ಕಾಕಾ," ಎನ್ನುತ್ತ ಬಂದಳು. ಅವಳ ಎಡತೋಳಿನಲ್ಲಿ ಆಗತಾನೇ ಹುಟ್ಟಿದ ಕೂಸು ಮಲಗಿತ್ತು. ಬಲಗೈಯಿಂದ ಹಳೆಯ ಡಿಸ್ಕ್ ಎಳೆದು ಹೊಸದನ್ನು ತಳ್ಳಿದಳು. ಕೂಸು ಮಿಸುಕಲೂ ಇಲ್ಲ.

ಬಾಗಿಲಲ್ಲಿದ್ದ ನೀಲಾಂಬಿಕೆ ಹತ್ತಿರ ಬಂದಳು. "ನಾನು ಇದನ್ನ ಒಂದ್ ಕೈ ಇಲ್ಲದವ್ರಿಗಂತ ಮಾಡಿದ್ನೆವ್ವಾ," ಎಂದಳು.

ಎಸ್ತರ್ ನಕ್ಕಳು. "ಈ ವಾರ್ಡಿನ್ಯಾಗ ಎರಡೂ ಕೈ ಖಾಲಿ ಇರೋವ್ರು ಯಾರದಾರ್ರೀ ಅಕ್ಕಾರ?"