ಶ್ರಾವಣದ ಗುಳಿಗೆ

ಎಪ್ಪತ್ತೆಂಟರ ಶ್ರಾವಣ. ಬೆಳಗಾವಿಯಲ್ಲಿ ವೈದ್ಯರ ಸಭೆ ನಡೆದಿತ್ತು. ಖಾನಾಪುರದ ಸಣ್ಣ ದವಾಖಾನೆಯ ಡಾಕ್ಟರ್ ಗಂಗಾದೇವಿ ಎದ್ದು ನಿಂತಳು.

"ನನ್ನ ಫಿಟ್ಸ್ ಪೇಶಂಟರಿಗೆ ಶ್ರಾವಣದಾಗ ಫಿಟ್ಸ್ ಹೆಚ್ಚಾಗ್ತಾವ್ರಿ. ಯಾಕಂತ ಸಂಶೋಧನಾ ಮಾಡಬೇಕಂತೀನಿ."

ಮುಂದಿನ ಸಾಲಿನಲ್ಲಿದ್ದ, ಬೆಳಗಾವಿಯದೇ ಹಿಂದವಾಡಿಯ ಡಾಕ್ಟರ್ ಉಳವಪ್ಪ ತಿರುಗಿ ನೋಡಿದ. ಸುತ್ತಲಿನ ಫಿಟ್ಸ್ ರೋಗಿಗಳೆಲ್ಲ ಕೊನೆಗೆ ಹೋಗುವುದು ಅವನ ಆಸ್ಪತ್ರೆಗೇ.

"ಸಂಶೋಧನಾಕ್ಕ ಲ್ಯಾಬ್ ಬೇಕ್ರಿ ಮೇಡಂ," ಎಂದು ನಕ್ಕ. ಕೆನ್ನೆಯಲ್ಲಿ ಗುಳಿ ಬಿತ್ತು. "ನೀವು ಪೇಶಂಟರನ್ನ ಕಳಸ್ರಿ. ಡೋಸ್ ಏರಿಸೂದು ನಮಗ ಬಿಡ್ರಿ."

ಸಭೆಯೆಲ್ಲ ನಕ್ಕಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಗಂಗಾದೇವಿಗೆ ಹೊಸ ಮಾತೇನಲ್ಲ. ಖಾನಾಪುರದಲ್ಲಿ ಕೂತರೆ ಕೈಗುಣ ಬಂದೀತು, ವಿದ್ಯೆ ಬೆಳೆಯದು ಎಂದು ಜೊತೆಗೆ ಓದಿದವರೇ ಹೇಳಿದ್ದರು. ಆದರೂ ಕಿವಿ ಕೆಂಪಾದವು. ಆ ಕೆನ್ನೆಯ ಗುಳಿ ಚಂದ ಕಂಡಿತಲ್ಲ ಎಂದು ತನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

"ಏರಿಸೀರಲ್ರಿ! ನಾ ಕಳಿಸಿದ ಪೇಶಂಟ್ ಸಾತವ್ವ ಈಗ ನಿಂತಲ್ಲೇ ತೂಕಡಸ್ತಾಳ. ಗಂಡನ ಮನಿಯವರು ತವರಿಗೆ ಕಳಸ್ತೀವಿ ಅನ್ನಾಕತ್ತಾರ. ಧೈರ್ಯ ಇದ್ರ ಸೋಮವಾರ ಬಂದು ನೋಡ್ರಿ."

ಬರಲಾರ ಎಂದುಕೊಂಡಿದ್ದಳು. ಸೋಮವಾರ ಬೆಳಗಿನ ರೈಲಿನಿಂದ ಇಳಿದೇಬಿಟ್ಟ.

"ಧೈರ್ಯ ಐತ್ರಿ. ಛತ್ರಿ ಮಾತ್ರ ಮರತೀನಿ," ಅಂದ. ಮಳೆ ಹನಿಯುತ್ತಿತ್ತು. ಅವಳು ತನ್ನ ಛತ್ರಿಯನ್ನು ಸ್ವಲ್ಪವೇ ಸ್ವಲ್ಪ ಅವನ ಕಡೆ ವಾಲಿಸಿದಳು.

ಸಾತವ್ವನ ಮನೆಯಲ್ಲಿ ಅವಳ ಅತ್ತೆ ಸಂಗವ್ವ ಅವಲಕ್ಕಿ ತಂದಿಟ್ಟಳು.

"ಬ್ಯಾಡ್ರಿ ಯವ್ವಾ, ಶ್ರಾವಣ ಅಲ್ಲೇನ್ರಿ. ಒಪ್ಪತ್ತು ಐತಿ. ಊಟ ಸಂಜೀಕಷ್ಟ," ಎಂದ ಉಳವಪ್ಪ.

"ನಮ್ಮ ಸಾತವ್ವಂದೂ ಅದ ನೇಮ ಐತ್ರಿ. ತಿಂಗಳೆಲ್ಲಾ ಒಪ್ಪತ್ತು."

ಗಂಗಾದೇವಿ ಥಟ್ಟನೆ ತಿರುಗಿದಳು. "ಸಾತವ್ವಾ, ಮುಂಜಾನಿ ಗುಳಿಗಿ ತಗೊಂಡಿ ಏನ?"

"ಹೆಂಗ ತಗೊಳ್ಳಲ್ರಿ ಅಕ್ಕಾರ? ಎರಡೂ ಹೊತ್ತು ಊಟಾದ ಮ್ಯಾಲೆ ತಗೋ ಅಂದಾರ ಈ ಸಾಹೇಬ್ರು. ಮುಂಜಾನಿ ಊಟಾನ ಇಲ್ಲಲ್ರಿ."

ಉಳವಪ್ಪನ ಮಾತನ್ನು ಸಾತವ್ವ ಚಾಚೂ ತಪ್ಪದೆ ನಡೆಸಿದ್ದಳು. ತಾನೇ ಒಪ್ಪತ್ತಿನಲ್ಲಿದ್ದೂ ಅವನಿಗೆ ಹೊಳೆದಿರಲಿಲ್ಲ. ವರ್ಷವೆಲ್ಲ ಇದೇ ಓಣಿಯಲ್ಲಿ ಓಡಾಡಿದ ಗಂಗಾದೇವಿಗೂ ಕೇಳಬೇಕೆಂದು ತೋಚಿರಲಿಲ್ಲ.

ಹೊರಗೆ ಬಂದ ಮೇಲೆ ಉಳವಪ್ಪ ಅಂದ, "ಒಬ್ಬಾಕಿ ಮಾತಿನ ಮ್ಯಾಲೆ ತೀರ್ಮಾನ ಮಾಡಾಕ ಬರೂದಿಲ್ರಿ."

"ಅದಕ್ಕ ಮನಿ ಮನಿಗೆ ಹೋಗಿ ಕೇಳೂಣು."

"ಕೇಳೂಣು ಅಂದ್ರ, ಇಬ್ಬರೂ?"

ಗಂಗಾದೇವಿ ಛತ್ರಿ ಮಡಚುವ ನೆಪದಲ್ಲಿ ಮುಖ ತಿರುಗಿಸಿದಳು. ಮಳೆ ಇನ್ನೂ ನಿಂತಿರಲಿಲ್ಲ.

ಅಂದಿನಿಂದ ಪ್ರತಿ ರವಿವಾರ ಬಂದ. ಮರಾಠಿ ಮನೆಗಳಲ್ಲಿ ಅವನು ಮಾತಾಡುತ್ತಿದ್ದ, ಕನ್ನಡದ ಮನೆಗಳಲ್ಲಿ ಅವಳು. ನಡುನಡುವೆ ಬಾಯಿ ಹಾಕುವ ಅವಳ ಹರಕು ಮರಾಠಿಗೆ ಮುದುಕಿಯರು ಬಿದ್ದು ಬಿದ್ದು ನಗುವಾಗ ಅವನು ಅವಳನ್ನೇ ನೋಡುತ್ತಿದ್ದ. ಎಲ್ಲೆಲ್ಲಿ ಒಪ್ಪತ್ತೋ ಅಲ್ಲಲ್ಲಿ ಬೆಳಗಿನ ಗುಳಿಗೆ ತಪ್ಪಿತ್ತು. ಏರಿಸಿದ ಡೋಸನ್ನು ಉಳವಪ್ಪ ತಾನೇ ಇಳಿಸಿದ. ಊಟದ ಮಾತು ಬಿಟ್ಟು, ಮುಂಜಾನೆ ದೇವರಿಗೆ ಕೈ ಮುಗಿದ ಕೂಡಲೇ ಗುಳಿಗೆ ನುಂಗಿರಿ ಎಂದು ಎಲ್ಲರಿಗೂ ಹೇಳಿದರು. ಖರೇನೋ ಸುಳ್ಳೋ ತಿಳಿಯಲು ಇನ್ನೊಂದು ಶ್ರಾವಣ ಬರಬೇಕಿತ್ತು.

ಬೇಸಿಗೆಯಲ್ಲಿ ಒಮ್ಮೆ ಅವನೆಂದ, "ನಮ್ಮ ಆಸ್ಪತ್ರಿಗೆ ಬಂದುಬಿಡ್ರಿ. ದೊಡ್ಡ ಕೆಲಸ ಐತಿ."

"ಅಲ್ಲಿ ಕುಂತಿದ್ರ ಈ ಪ್ರಶ್ನಿ ಹುಟ್ಟತಿತ್ತೇನ್ರಿ? ನಿಮ್ಮಲ್ಲಿಗೆ ಬರೂದು ಬಿದ್ದವರಷ್ಟ. ಯಾಕ ಬಿದ್ರು ಅನ್ನೂದು ಇಲ್ಲೇ ಮನಿಯೊಳಗ ಇರತೈತಿ."

ಮುಂದಿನ ರವಿವಾರ ಅವನು ಬರಲಿಲ್ಲ. ಅದರ ಮುಂದಿನವೂ ಖಾಲಿ ಹೋದವು. ರೈಲಿನ ಸದ್ದು ಕೇಳಿದಾಗೆಲ್ಲ ಗಂಗಾದೇವಿ ರೋಗಿಯ ನಾಡಿ ಎಣಿಸುವುದನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಹೋದರೆ ಹೋಗಲಿ ಎಂದುಕೊಂಡಳು, ಮನಸ್ಸು ಕೇಳಲಿಲ್ಲ.

ಮತ್ತೆ ಶ್ರಾವಣ ಬಂತು. ಸಾತವ್ವ ಒಪ್ಪತ್ತು ಬಿಡಲಿಲ್ಲ, ಗುಳಿಗೆಯನ್ನೂ ಬಿಡಲಿಲ್ಲ. ತಿಂಗಳು ಮುಗಿಯುತ್ತ ಬಂದರೂ ಒಮ್ಮೆಯೂ ಬೀಳಲಿಲ್ಲ. ಉಳಿದ ಮನೆಗಳಲ್ಲೂ ಬಿದ್ದವರು ತೀರ ವಿರಳ. ತವರಿನ ಮಾತೆತ್ತುತ್ತಿದ್ದ ಸಂಗವ್ವ ಈಗ ಸೊಸೆಯನ್ನು ಬಾವಿಗೆ ಒಬ್ಬಳನ್ನೇ ಕಳಿಸುತ್ತಿದ್ದಳು.

ಬೆಳಗಾವಿಯ ಅದೇ ಸಭೆಯಲ್ಲಿ ಗಂಗಾದೇವಿ ಇದನ್ನೆಲ್ಲ ಹೇಳಿ ಕುಳಿತಳು. ಅಧ್ಯಕ್ಷರು ಮುಂದಿನ ಸಾಲಿನ ಕಡೆ ತಿರುಗಿದರು. "ಉಳವಪ್ಪನವರ, ನಿಮ್ಮ ಸಂಶೋಧನಾ ಭಾಳ ಚಲೋ ಆಗೇತಿ."

ಉಳವಪ್ಪ ಎದ್ದ.

"ನಂದಲ್ರಿ. ಪ್ರಶ್ನಿ ಡಾಕ್ಟರ್ ಗಂಗಾದೇವಿ ಅವರದು, ಕೆಲಸಾ ಅವರದು. ಹೋದ ವರ್ಷ ಲ್ಯಾಬ್ ಬೇಕು ಅಂತ ನಕ್ಕಿದ್ದೆ. ಲ್ಯಾಬ್ ಖಾನಾಪುರದ ಮನಿ ಮನಿಯೊಳಗಿತ್ತು. ಅಲ್ಲಿ ಇವರ ಜೋಡಿ ಅಡ್ಡಾಡಿದೆ ಅನ್ನೂದ ನನಗ ದೊಡ್ಡ ಹೆಮ್ಮೆ."

ಈ ಸಲ ಯಾರೂ ನಗಲಿಲ್ಲ. ಚಪ್ಪಾಳೆ ಬಿತ್ತು. ಗಂಗಾದೇವಿಯ ಕಣ್ಣು ತುಂಬಿದವು, ತಲೆ ಮಾತ್ರ ಬಾಗಲಿಲ್ಲ.

ಹೊರಗೆ ಗುಲ್‌ಮೊಹರ್ ಗಿಡದ ಕೆಳಗೆ ಅವನು ಕಾದಿದ್ದ.

"ಎಷ್ಟ ರವಿವಾರ ಬರಲಿಲ್ರಿ ನೀವು!"

"ಖಾನಾಪುರದಾಗ ಬಾಡಿಗಿ ಮನಿ ನೋಡಾಕ ಬಂದಿದ್ದೆ. ನಿಮ್ಮ ಓಣಿ ತಪ್ಪಿಸಿ ಅಡ್ಡಾಡಿದೆ."

"ನಾ ಖಾನಾಪುರ ಬಿಡಾಕಿ ಅಲ್ಲ."

"ಈಗ ಬಿಡ್ರಿ ಅಂದವರ್ಯಾರು? ಮುಂಜಾನಿ ರೈಲು ಐತಿ, ಆಸ್ಪತ್ರಿಗೆ ನಾ ಓಡಾಡ್ತೀನಿ. ಮದಿವಿ ಆಗೂಣೇನ್ರಿ?"

ಕೆನ್ನೆಯ ಗುಳಿ ಈಗ ಹೆದರಿ ಎಲ್ಲೋ ಅಡಗಿತ್ತು. ಅದು ಮತ್ತೆ ಬೀಳುವವರೆಗೂ ಅವನನ್ನು ಕಾಡಬೇಕೆಂದು ಅವಳಿಗೆ ಅನಿಸಿತು.

"ಶ್ರಾವಣ ಮುಗದ ಮರುದಿನ ನಮ್ಮ ಮನಿಗೆ ಊಟಕ್ಕ ಬರ್ರಿ. ಅಪ್ಪಾಜಿ ಇರತಾರ."

"ಯಾವ ಹೊತ್ತಿನ ಊಟಕ್ರಿ?"

"ಎರಡೂ ಹೊತ್ತಿಂದು," ಎಂದಳು ಗಂಗಾದೇವಿ. "ಅಂದಿನಿಂದ ದಿನಾಲೂ."