ಅಮ್ಮನ ಅಳತೆಗಳು ಮಾಯ

"ಚಿಣ್ಣೀ, ನನ್ನ ಫೋನ್ ಮುಟ್ಟಿದ್ಯಾ?"

"ಇಲ್ಲಮ್ಮ!"

ಅದೇನೂ ಸುಳ್ಳಲ್ಲ. ಚಿಣ್ಣಿ ಮುಟ್ಟಿದ್ದು ಟ್ಯಾಬನ್ನು. ಹೊಸ ಗೇಮ್ ಹಾಕಲು ಅದರಲ್ಲಿ ಜಾಗವೇ ಇರಲಿಲ್ಲ, ತುಂಬಾ ಅಮ್ಮನ ಹೊಲಿಗೆಯ ಫೋಟೋಗಳು. ಹೇಗೂ ಅಮ್ಮನ ಫೋನಿನಲ್ಲಿ ಇವೆಯಲ್ಲ ಎಂದು ಅಷ್ಟನ್ನೂ ಡಿಲೀಟ್ ಮಾಡಿದ್ದಳು.

ಈಗ ನೋಡಿದರೆ ಫೋನಿನಲ್ಲೂ ಇಲ್ಲ!

ಅಮ್ಮ ಟೈಲರ್. ಆಸ್ಪತ್ರೆಯ ಇಪ್ಪತ್ತನಾಲ್ಕು ನರ್ಸ್‌ಗಳ ಅಳತೆ ಬರೆದು, ಚೀಟಿಗಳ ಫೋಟೋ ತೆಗೆದುಕೊಂಡು, ಚೀಟಿಗಳನ್ನು ಬಿಸಾಕಿದ್ದಳು. ಸೋಮವಾರ ಯೂನಿಫಾರ್ಮ್ ಕೊಡಬೇಕು. ಮೇಜಿನ ಮೇಲೆ ಬಟ್ಟೆ ಹರಡಿದೆ, ಕೈಯಲ್ಲಿ ಕತ್ತರಿಯಿದೆ, ಅಳತೆ ಮಾತ್ರ ಇಲ್ಲ.

ಚಿಣ್ಣಿ ಮೆಲ್ಲಗೆ ಅಕ್ಕನ ರೂಮಿಗೆ ಜಾರಿಕೊಂಡಳು.

"ಅಕ್ಕಾ, ನಾನು ಅಳಿಸಿದ್ದು ಟ್ಯಾಬಲ್ಲಿ. ಫೋನಲ್ಲಿ ಯಾಕೆ ಹೋಯ್ತು?"

"ಅಯ್ಯೋ ಮಂಕೇ! ಆ ಫೋಟೋ ಇರೋದು ಕ್ಲೌಡಲ್ಲಿ. ಎಲ್ಲೋ ದೂರದಲ್ಲಿ ದೊಡ್ಡ ಕಟ್ಟಡ, ಅದರ ತುಂಬಾ ಸರ್ವರ್ ಅನ್ನೋ ಕಂಪ್ಯೂಟರ್‌ಗಳು. ಫೋನು, ಟ್ಯಾಬು ಎರಡೂ ಅದಕ್ಕೆ ಕಿಟಕಿ ಇದ್ದ ಹಾಗೆ. ಫೋನ್ ಒಡೆದ್ರೂ ಫೋಟೋಗೆ ಏನೂ ಆಗಲ್ಲ. ಆದ್ರೆ ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆನೂ ಹೋಗತ್ತೆ."

"ಹಾಗಾದ್ರೆ ಮುಗೀತಾ?"

"ಇಲ್ಲ ಕಣೇ. ಅಳಿಸಿದ್ದನ್ನೂ ಅಲ್ಲಿ ಒಂದು ತಿಂಗಳು ಇಟ್ಟಿರ್ತಾರೆ. ವಾಪಸ್ ತರೋಕೆ ಪಾಸ್‌ವರ್ಡ್ ಬೇಕು. ಅದು ಅಮ್ಮಂಗೇ ಗೊತ್ತು."

"ನೀನೇ ಕೇಳಕ್ಕಾ, ಪ್ಲೀಸ್! ಅಮ್ಮ ನನ್ನನ್ನ ಸುಮ್ನೆ ಬಿಡಲ್ಲ."

"ಅಳಿಸಿದ್ದು ನಾನಾ?"

ಅಷ್ಟರಲ್ಲಿ ಆಚೆಯಿಂದ ಅಮ್ಮನ ದನಿ ಕೇಳಿತು. "ಹಲೋ, ಆಸ್ಪತ್ರೆನಾ? ಮೇಡಂ, ಮತ್ತೆ ಎಲ್ಲರ ಅಳತೆ ತಗೊಳ್ಳೋಷ್ಟು ಟೈಮಿಲ್ಲ, ಈ ಆರ್ಡರ್ ನನ್ನ ಕೈಲಿ ಆಗಲ್ಲ ಅನ್ಸತ್ತೆ..."

ಚಿಣ್ಣಿ ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ಅಮ್ಮಾ, ಬೇಡ ಅನ್ಬೇಡ! ಟ್ಯಾಬಲ್ಲಿ ಅಳಿಸಿದ್ದು ನಾನು! ಪಾಸ್‌ವರ್ಡ್ ಹಾಕಿದ್ರೆ ವಾಪಸ್ ಬರತ್ತಂತೆ!"

ಹೇಳಿದವಳೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಆದರೆ ಬೈಗುಳ ಬರಲಿಲ್ಲ.

"ಒಂದ್ನಿಮಿಷ ಇರಿ ಮೇಡಂ," ಎಂದು ಅಮ್ಮ ಟ್ಯಾಬ್ ತೆಗೆದುಕೊಂಡಳು. ಅಕ್ಕ ಬಂದು ಎಲ್ಲಿ ಒತ್ತಬೇಕೆಂದು ತೋರಿಸಿದಳು. ಮೊದಲ ಸಲ ಪಾಸ್‌ವರ್ಡ್ ತಪ್ಪಾಯಿತು. ಎರಡನೇ ಸಲವೂ ತಪ್ಪು. ಮೂರನೆಯ ಸಲ ಚೀಟಿಗಳು ಒಂದೊಂದಾಗಿ ಬಂದವು. ಚಿಣ್ಣಿ ಉಸಿರು ಬಿಗಿಹಿಡಿದು ಎಣಿಸಿದಳು. ಇಪ್ಪತ್ತನಾಲ್ಕು!

"ಸೋಮವಾರಾನೇ ಕೊಡ್ತೀನಿ ಮೇಡಂ," ಎಂದು ಫೋನ್ ಇಟ್ಟ ಅಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತಳು.

"ನಿಂಗೆ ನಾಳೆ ಬೈತೀನಿ. ಈಗ ನನ್ನ ಕೈಲಾಗಲ್ಲ."

ಆಗಲೇ ಚಿಣ್ಣಿ ನೋಡಿದ್ದು. ಬಟ್ಟೆಯ ಮೇಲೆ ಗೆರೆ ಎಳೆಯುವಾಗ ಒಂದಿಷ್ಟೂ ಅಲುಗದ ಅಮ್ಮನ ಬೆರಳುಗಳು ನಡುಗುತ್ತಿದ್ದವು.

ಹೆದರಿದವಳು ತಾನೊಬ್ಬಳೇ ಎಂದುಕೊಂಡಿದ್ದಳು ಚಿಣ್ಣಿ. ಆ ಕೈ ಹಿಡಿದುಕೊಂಡಳು.