ಬಾಗಿಲಲ್ಲಿದ್ದ ಚೀಟಿ

ಅಂಗಡಿ ಕಾಣೆಯಾಗಿತ್ತು. ಬೀದಿಯಲ್ಲಿ ಅದು ಇದ್ದಲ್ಲೇ ಇತ್ತು, ಬೋರ್ಡಿನ ಧೂಳಿನ ಸಮೇತ. ಮಾಯವಾಗಿದ್ದು ಇಂಟರ್‌ನೆಟ್ಟಿನಿಂದ.

"ಅತ್ತಿಗೆ, ಹೊಲಿಗೆ ಮೆಷಿನ್ ರಿಪೇರಿ ಅಂತ ಹುಡುಕಿದ್ರೆ ಮೊದಲು ನಮ್ಮ ವೆಬ್‌ಸೈಟೇ ಬರ್ತಿತ್ತು. ಈಗ ಅಂಗಡಿ ಹೆಸರು ಹಾಕಿದ್ರೂ ಇಲ್ಲ. ಒಂದು ತಿಂಗಳಿಂದ ಹೊಸಬರ ಫೋನೇ ಇಲ್ಲ. ಮುಚ್ಚಿಬಿಡೋಣ ಅಂತಿದ್ದಾರೆ ಇವರು," ಎಂದಳು ತಮ್ಮನ ಹೆಂಡತಿ. ಅವಳಿಗೆ ಅಳುವೇ ಬಂದಿತ್ತು.

ಅತ್ತಿಗೆ, ಅಂದರೆ ಅವಳ ಗಂಡನ ಅಕ್ಕ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಠಾಣೆಯಲ್ಲಿ ಅವರ ಅಡ್ಡಹೆಸರು ಭೂತಗನ್ನಡಿ. ಸುಮ್ಮನೆ ಬಂದ ಹೆಸರಲ್ಲ.

\*

ವೆಬ್‌ಸೈಟ್ ಮಾಡಿಕೊಟ್ಟವಳು ಒಂದೇ ನಿಮಿಷದಲ್ಲಿ ಕಂಡುಹಿಡಿದಳು.

"ಹುಡುಕೋ ಯಂತ್ರ ಒಳಗೆ ಬರೋ ಮೊದಲು ಸೈಟಿನ ಬಾಗಿಲಲ್ಲಿರೋ ಚೀಟಿ, ಅಂದ್ರೆ ಒಂದು ಸಣ್ಣ ಫೈಲು, ಓದುತ್ತೆ ಮೇಡಂ. ಇಲ್ಲಿ 'ಒಳಗೆ ಬರಬೇಡಿ' ಅಂತಿದೆ. ಮರ್ಯಾದೆಯಿಂದ ವಾಪಸ್ ಹೋಗಿದೆ."

"ನೀವೇ ಹಾಕಿ ಮರೆತಿರಾ?"

"ಸೈಟ್ ಕಟ್ಟುವಾಗ ಹಾಕಿದ್ದೆ. ನಿಮ್ಮ ತಮ್ಮ, ಅವರ ಹೆಂಡತಿ ಇಬ್ಬರ ಎದುರೇ ತೆಗೆದೆ. ಇದು ಹೋದ ತಿಂಗಳು, ಅಂಗಡಿ ಕಂಪ್ಯೂಟರಿಂದಲೇ ಮತ್ತೆ ಹಾಕಿರೋದು."

ಆ ಕಂಪ್ಯೂಟರಿನ ಮುಂದೆ ಬಂದು ಕೂರುವ ಹೊರಗಿನವನು ಒಬ್ಬನೇ, ಎದುರಿನ ಫ್ಯಾನ್ ರಿಪೇರಿಯವನು. ಭೂತಗನ್ನಡಿ ನೇರ ಅವನಲ್ಲಿಗೇ ಹೋದರು.

"ನಾನ್ಯಾಕೆ ಹಾಕಲಿ?" ಅವನು ಬೆಪ್ಪಾದ. "ಹೊಲಿಗೆ ಮೆಷಿನ್ ತಂದವರನ್ನ ನಾನೇ ಅಲ್ಲಿಗೆ ಕಳಿಸ್ತೀನಿ. ನಿಮ್ಮ ತಮ್ಮನೇ ಈಗ ಬೇಡ ಅಂತ ಸಾಗಹಾಕ್ತಾರೆ."

\*

ಅಂಗಡಿಯಲ್ಲಿ ತಲೆ ತಗ್ಗಿಸಿ ಎಣ್ಣೆ ಬಿಡುತ್ತಿದ್ದ ತಮ್ಮ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ರಿಪೇರಿಯಾದ ಮೂರು ಮೆಷಿನ್‌ಗಳು ಸಾಲಾಗಿ ನಿಂತಿದ್ದವು.

"ಲೋ ತಮ್ಮ, ಈ ಸೂಜಿಗೆ ದಾರ ಪೋಣಿಸು."

ಅವನು ದಾರ ಹಿಡಿದ. ಸೂಜಿಯ ಪಕ್ಕದಲ್ಲೇ ಚುಚ್ಚಿದ. ಮತ್ತೆ ಚುಚ್ಚಿದ. ಆಮೇಲೆ ಕೈ ಇಳಿಸಿದ.

"ದಾರ ಪೋಣಿಸಿ, ಹೊಲಿದು ತೋರಿಸದೆ ನೀನು ಯಾವತ್ತೂ ಮೆಷಿನ್ ಕೊಟ್ಟವನಲ್ಲ," ಎಂದರು ಅಕ್ಕ. "ಈ ಮೂರರಲ್ಲೂ ದಾರ ಇಲ್ಲ. ಕಂಪ್ಯೂಟರಿನ ಅಕ್ಷರ ನೋಡಿದ್ರೆ ಹೆಬ್ಬೆರಳಿನಷ್ಟು ದಪ್ಪ. ಚೀಟಿ ಹಾಕೋದು ಗೊತ್ತಿದ್ದವರು ಮೂವರು. ಹೊಸಬರು ಬೇಡವಾಗಿದ್ದು ನಿನಗೊಬ್ಬನಿಗೇ."

"ಹಳಬರ ಮೆಷಿನ್ ಕೈಗೇ ಗೊತ್ತಾಗುತ್ತೆ ಅಕ್ಕಾ. ಹೊಸಬರದ್ದನ್ನ ಕೆಡಿಸಿಬಿಟ್ರೆ? ಕಣ್ಣು ಮಂಜಾಗಿದೆ ಅಂತ ಇವಳಿಗೆ ಹೇಳೋಕೆ ಧೈರ್ಯ ಬರಲಿಲ್ಲ."

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಲವತ್ತು ವರ್ಷ ಊಟದಲ್ಲಿ ಉಪ್ಪು ಕಮ್ಮಿ ಅಂತ ಹೇಳೋಕೆ ಧೈರ್ಯ ಇತ್ತಲ್ಲ," ಎಂದು ಸೂಜಿಗೆ ದಾರ ಪೋಣಿಸಿದಳು. ಮೂರೂ ಮೆಷಿನ್‌ಗಳಿಗೆ.

ಭೂತಗನ್ನಡಿ ಚೀಟಿ ತೆಗೆಯಲು ಕಂಪ್ಯೂಟರಿನತ್ತ ತಿರುಗಿದರು.

"ಇರಲಿ ಬಿಡಿ ಅತ್ತಿಗೆ," ಎಂದಳು ಅವಳು. "ನಾಳೆ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಹಾಕಿದವರೇ ತೆಗೀಲಿ. ಸಣ್ಣ ಅಕ್ಷರದಲ್ಲಿ ಓದಿ ತೆಗೀಲಿ."